ಸಿನಿಮಾ ಮಕ್ಕಳದ್ದೇ, ಆದರೂ ಮಗ ಯಾಕೆ ಹೆದರಿದ?

ಪ್ರಶ್ನೆ: ದಾವಣಗೆರೆಯ ವಿದ್ಯಾನಗರದಲ್ಲಿ ನಮ್ಮ ಮನೆ. ಮಗಳಿಗೆ ಒಂಬತ್ತು ವರ್ಷ, ಮಗನಿಗೆ ನಾಲ್ಕೂವರೆ. ಹೋದ ತಿಂಗಳು ನಾಲ್ಕೂ ಜನ ಪ್ರಾಣಿಗಳ ಕತೆ ಇರುವ ಒಂದು ಅನಿಮೇಷನ್ ಸಿನಿಮಾಗೆ ಹೋಗಿದ್ದೆವು, ತ್ರೀಡಿ. ಹತ್ತು ನಿಮಿಷ ಆಗಿರಲಿಲ್ಲ, ಮಗ ಕನ್ನಡಕ ಕಿತ್ತೆಸೆದು, ಎರಡೂ ಕಿವಿ ಮುಚ್ಚಿಕೊಂಡು ಅಳಲು ಶುರು ಮಾಡಿದ. ಎಷ್ಟು ಸಮಾಧಾನ ಮಾಡಿದರೂ ಕೂರಲಿಲ್ಲ. ಎತ್ತಿಕೊಂಡು ಹೊರಗೆ ಬಂದೆ. ಅವತ್ತಿನಿಂದ ರಾತ್ರಿ ಲೈಟ್ ಆರಿಸಲು ಬಿಡುತ್ತಿಲ್ಲ. ಟೀವಿಯಲ್ಲಿ ಇಂಥದ್ದೇ ಕಾರ್ಟೂನ್ ಎಷ್ಟು ಹೊತ್ತು ಬೇಕಾದರೂ ನೋಡುತ್ತಾನೆ! ನಮ್ಮತ್ತೆ ‘ಇನ್ನೊಂದು ಸಲ ಕರ್ಕೊಂಡು ಹೋಗ್ರಿ, ಅಂಜಿಕೆ ತಾನೇ ಬಿಡುತ್ತೆ’ ಅಂತಾರೆ. ಯಜಮಾನರು ‘ಹತ್ತು ವರ್ಷ ಆಗೋವರೆಗೂ ಟಾಕೀಸಿನ ಕಡೆ ತಲೆ ಹಾಕೋದು ಬೇಡ’ ಅಂತಾರೆ. ಮಗಳು ರಜೆಗೆ ಬರುವ ಹೊಸ ಸಿನಿಮಾಗೆ ಈಗಲೇ ಹಟ ಹಿಡಿದಿದ್ದಾಳೆ. ಏನು ಮಾಡಲಿ?

ಉತ್ತರ: ನೋಡಿ ಅಮ್ಮ, ನಿಮ್ಮ ಪತ್ರ ಓದುವಾಗ ನನ್ನ ಹಳೇ ತಪ್ಪೊಂದು ನೆನಪಾಯಿತು. ನಾನು ಮಕ್ಕಳ ವೈದ್ಯ. ಊರವರ ಮಕ್ಕಳಿಗೆಲ್ಲ ಬುದ್ಧಿ ಹೇಳುವವನು. ನನ್ನ ಮಗನಿಗೆ ಐದು ವರ್ಷ ಇದ್ದಾಗ ಮೊದಲ ಸಲ ಥಿಯೇಟರಿಗೆ ಕರೆದುಕೊಂಡು ಹೋಗಿದ್ದೆ. ಅವನು ‘ಹೋಗಣ, ಹೋಗಣ’ ಅಂದ. ನಾಲ್ಕು ಟಿಕೆಟ್ ದುಡ್ಡು ಹಾಳಾಗುತ್ತಲ್ಲ ಅಂತ ನಾನು ಗದರಿಸಿ ಕೂರಿಸಿದೆ. ಇಂಟರ್ವಲ್ ಹೊತ್ತಿಗೆ ತಿಂದ ಪಾಪ್‌ಕಾರ್ನ್ ಪೂರ್ತಿ ನನ್ನ ಅಂಗಿ ಮೇಲೆ ವಾಂತಿ ಮಾಡಿದ. ಅಲ್ಲಿಂದ ನಾಲ್ಕು ವರ್ಷ ಯಾವ ಟಾಕೀಸಿನ ಮೆಟ್ಟಿಲೂ ಹತ್ತಲಿಲ್ಲ. ನೀವು ಎತ್ತಿಕೊಂಡು ಹೊರಗೆ ಬಂದಿರಲ್ಲ, ಅದು ನಾನು ಮಾಡಬೇಕಿದ್ದ ಕೆಲಸ. ಸರಿಯಾಗಿಯೇ ಮಾಡಿದ್ದೀರಿ.

ಅತ್ತೆಯವರು ಹೇಳಿದ್ದರಲ್ಲೂ ಅರ್ಧ ಸರಿ ಇದೆ, ಯಜಮಾನರು ಹೇಳಿದ್ದರಲ್ಲೂ ಅರ್ಧ. ಅಂಜಿಕೆ ಬಿಡುವುದು ಮತ್ತೆ ಹೋಗುವುದರಿಂದಲೇ, ನಿಜ. ಆದರೆ ಹೋದ ಸಲ ಹೋದ ಹಾಗೇ ಹೋದರೆ ಬಿಡುವುದಿಲ್ಲ, ಇನ್ನೂ ಗಟ್ಟಿಯಾಗುತ್ತೆ. ಸ್ವಲ್ಪ ದಿನ ಕಾಯುವುದೂ ಸರಿ. ಅದಕ್ಕೆ ಹತ್ತು ವರ್ಷ ಜಾಸ್ತಿಯಾಯಿತು.

ಮೊದಲು ಅವನು ಯಾಕೆ ಹೆದರಿದ ಅಂತ ನೋಡೋಣ. ಟೀವಿಯಲ್ಲಿ ನೋಡುತ್ತಾನಲ್ಲ ಅಂತ ಕೇಳಿದ್ದೀರಿ. ಟೀವಿ ನಿಮ್ಮ ಹಾಲ್‌ನ ಒಂದು ಮೂಲೆಯಲ್ಲಿ ಇರುತ್ತೆ. ಅದರ ಸುತ್ತ ಗೋಡೆ, ಕ್ಯಾಲೆಂಡರ್, ಅಡುಗೆ ಮನೆಯಿಂದ ನಿಮ್ಮ ಸದ್ದು. ಬೇಡ ಅನ್ನಿಸಿದರೆ ಎದ್ದು ಅಜ್ಜಿ ಹತ್ತಿರ ಓಡಬಹುದು. ಥಿಯೇಟರಿನಲ್ಲಿ ಇದ್ಯಾವುದೂ ಇಲ್ಲ. ಎತ್ತ ನೋಡಿದರೂ ಪರದೆಯೇ. ಸುತ್ತ ಕತ್ತಲೆ. ಪಕ್ಕದಲ್ಲಿ ಗುರುತಿಲ್ಲದವರು. ರಿಮೋಟ್ ಯಾರ ಕೈಯಲ್ಲೂ ಇಲ್ಲ. ಟೀವಿಯಲ್ಲಿ ಬೆಕ್ಕಿನಷ್ಟಿದ್ದ ಹುಲಿ ಇಲ್ಲಿ ನಿಮ್ಮ ಮನೆಯಷ್ಟು ದೊಡ್ಡದು. ಅದೂ ಬರುವ ಮೊದಲೇ ಬೆನ್ನ ಹಿಂದಿನಿಂದ ಗರ್ಜಿಸುತ್ತೆ.

ಈ ಹಿಂದಿನಿಂದ ಬರುವ ಸದ್ದೇ ನನ್ನ ಪ್ರಕಾರ ಮುಖ್ಯ ಕಾರಣ. ನಿಮ್ಮ ಮಗ ಕಣ್ಣು ಮುಚ್ಚಿಕೊಳ್ಳಲಿಲ್ಲ, ಕಿವಿ ಮುಚ್ಚಿಕೊಂಡ. ಅವನೇ ಹೇಳಿಬಿಟ್ಟಿದ್ದಾನೆ, ಅಲ್ವಾ? ಸದ್ದನ್ನು ಅಳೆಯುವುದು ಡೆಸಿಬೆಲ್ ಲೆಕ್ಕದಲ್ಲಿ. ನಾವು ಮನೆಯಲ್ಲಿ ಮಾತಾಡುವ ಸದ್ದು ಸುಮಾರು 60 ಡೆಸಿಬೆಲ್. ಸಿನಿಮಾ ಥಿಯೇಟರಿನ ಸ್ಪೀಕರ್‌ಗಳನ್ನು ಹೊಂದಿಸುವಾಗ ಇಟ್ಟುಕೊಳ್ಳುವ ಅಳತೆ 85 ಡೆಸಿಬೆಲ್. ಅದರ ಮೇಲೆ ಇನ್ನೂ 20 ಏರಲು ಜಾಗ ಬಿಟ್ಟಿರುತ್ತಾರೆ. ಅಂದರೆ ಗುಡುಗು, ಸ್ಫೋಟ ಬಂದಾಗ ಒಂದೊಂದು ಸ್ಪೀಕರ್ ಸಾಲಿನಿಂದ ಕ್ಷಣ ಮಾತ್ರಕ್ಕೆ 105ರ ತನಕ ಹೋಗಬಹುದು. ಪ್ರತಿ 10 ಡೆಸಿಬೆಲ್‌ಗೆ ಕಿವಿಗೆ ಸದ್ದು ಹೆಚ್ಚು ಕಡಿಮೆ ಎರಡರಷ್ಟು ಅನ್ನಿಸುತ್ತೆ. ಲೆಕ್ಕ ಹಾಕಿ ನೋಡಿ. ಇಡೀ ಸಿನಿಮಾ ಅಷ್ಟು ಜೋರಾಗಿ ಇರುವುದಿಲ್ಲ, ಅದು ನಿಜ. ಆದರೆ ಮೆತ್ತಗಿನ ಮಾತಿನಿಂದ ಒಮ್ಮೆಲೇ ಹಾರುತ್ತಲ್ಲ, ಮಕ್ಕಳು ಬೆಚ್ಚಿ ಬೀಳುವುದು ಆ ಹಾರಿಕೆಗೆ. ದುಗ್ಗಮ್ಮನ ಜಾತ್ರೆಯಲ್ಲಿ ಡೊಳ್ಳಿನ ಸದ್ದು ಇನ್ನೂ ಜೋರಿರುತ್ತೆ. ಆದರೆ ಅದು ದೂರದಿಂದ ಕೇಳಿಸುತ್ತಾ ಹತ್ತಿರ ಬರುತ್ತೆ. ಬಾರಿಸುವವರು ಕಣ್ಣಿಗೆ ಕಾಣುತ್ತಾರೆ. ಮಗು ಅಪ್ಪನ ಹೆಗಲ ಮೇಲಿರುತ್ತೆ.

ಕಿವಿ ಹಾಳಾಗಿರಬಹುದಾ ಅನ್ನುವ ಚಿಂತೆ ಬೇಡ. ವಿಶ್ವ ಆರೋಗ್ಯ ಸಂಸ್ಥೆ ಮಕ್ಕಳಿಗೆ ಹೇಳುವ ಮಿತಿ ವಾರಕ್ಕೆ 40 ಗಂಟೆ, 75 ಡೆಸಿಬೆಲ್. ಸದ್ದು 3 ಡೆಸಿಬೆಲ್ ಏರಿದಂತೆಲ್ಲ ಆ ಗಂಟೆಗಳು ಅರ್ಧ ಆಗುತ್ತಾ ಹೋಗುತ್ತವೆ. ಹತ್ತು ನಿಮಿಷದ ಲೆಕ್ಕ ಅದರಲ್ಲಿ ಬರುವುದಿಲ್ಲ. ಮುಂದೆ ಹೋಗುವಾಗ ಕಿವಿಗೆ ಹತ್ತಿ ಇಡಬೇಡಿ. ಅದರಿಂದ ಹೇಳಿಕೊಳ್ಳುವಂಥ ಉಪಯೋಗ ಇಲ್ಲ. ಸಣ್ಣ ರಬ್ಬರ್ ಬಿರಡೆಗಳೂ ಬೇಡ, ಈ ವಯಸ್ಸಿನವರು ತೆಗೆದು ಬಾಯಿಗೆ ಹಾಕಿಕೊಳ್ಳುತ್ತಾರೆ. ಹೆಡ್‌ಫೋನಿನ ಹಾಗೆ ಕಿವಿ ಪೂರ್ತಿ ಮುಚ್ಚುವ ಇಯರ್‌ಮಫ್ ಸಿಗುತ್ತೆ, ಮಕ್ಕಳ ಅಳತೆಯದ್ದು. 20 ಡೆಸಿಬೆಲ್ ಆಸುಪಾಸು ಕಡಿಮೆ ಮಾಡುತ್ತೆ. ಮಾತೂ ಕೇಳುತ್ತೆ, ಎದೆ ನಡುಗುವುದೂ ಇಲ್ಲ. ಗಣಪತಿ ಮೆರವಣಿಗೆಗೂ ದೀಪಾವಳಿಗೂ ಅದೇ ಆಗುತ್ತೆ.

ಇನ್ನು ಆ ಕನ್ನಡಕ. ತ್ರೀಡಿಯಲ್ಲಿ ಎಡಗಣ್ಣಿಗೆ ಒಂದು ಚಿತ್ರ, ಬಲಗಣ್ಣಿಗೆ ಇನ್ನೊಂದು ಚಿತ್ರ ತೋರಿಸುತ್ತಾರೆ. ಎರಡನ್ನೂ ಜೋಡಿಸಿ ಆಳ ಕಟ್ಟುವುದು ಮೆದುಳಿನ ಕೆಲಸ. ಕನ್ನಡಕ ಮಾಡಿರುವುದು ದೊಡ್ಡವರ ಮೂಗಿಗೆ. ನಾಲ್ಕು ವರ್ಷದವರ ಮೂಗಿನ ಮೇಲೆ ಅದು ನಿಲ್ಲುವುದೇ ಇಲ್ಲ. ಜಾರಿದ ತಕ್ಷಣ ಎರಡೆರಡು ಚಿತ್ರ ಕಾಣುತ್ತವೆ, ತಲೆ ನೋಯುತ್ತೆ, ಹೊಟ್ಟೆ ತೊಳಸುತ್ತೆ. ಇನ್ನೊಂದು ವಿಷಯ ಜಾಸ್ತಿ ಜನಕ್ಕೆ ಗೊತ್ತಿಲ್ಲ. ಆ ಕನ್ನಡಕ ಬೆಳಕಿನ ದೊಡ್ಡ ಪಾಲನ್ನು ತಿಂದುಬಿಡುತ್ತೆ. ಅದೇ ಸಿನಿಮಾ ಟೂಡಿಯಲ್ಲಿ ಎಷ್ಟೋ ಬೆಳ್ಳಗೆ ಕಾಣುತ್ತೆ. ಕಾಡಿನ ರಾತ್ರಿಯ ದೃಶ್ಯ ತ್ರೀಡಿಯಲ್ಲಿ ಇನ್ನೂ ಕಗ್ಗತ್ತಲು. ಸಣ್ಣ ಮಕ್ಕಳಿಗೆ ಟೂಡಿಯೇ ಸಾಕು, ನನ್ನನ್ನು ಕೇಳಿದರೆ ದೊಡ್ಡವರಿಗೂ ಅದೇ ಸಾಕು.

ಆದರೂ ಒಂದು ಮಾತು ಕೇಳಬೇಕು. ಅವನು ಕನ್ನಡಕ ಎಸೆಯುವ ಮೊದಲು ಒಂದು ಕಣ್ಣು ಮುಚ್ಚಿಕೊಂಡು ನೋಡುತ್ತಿದ್ದನಾ? ಅಕ್ಕ ‘ಚಿಟ್ಟೆ ಮುಂದೆ ಬಂತು’ ಅಂತ ಕೈ ಚಾಚಿದಾಗ ಇವನಿಗೆ ಏನೂ ಬಂದ ಹಾಗೆ ಕಾಣಲಿಲ್ಲವಾ? ತ್ರೀಡಿ ಕಾಣಬೇಕಾದರೆ ಎರಡೂ ಕಣ್ಣು ಜೊತೆಯಾಗಿ ಕೆಲಸ ಮಾಡಬೇಕು. ಒಂದು ಕಣ್ಣಿನ ದೃಷ್ಟಿ ಕಡಿಮೆ ಇದ್ದರೆ ಮೆದುಳು ನಿಧಾನಕ್ಕೆ ಆ ಕಣ್ಣನ್ನು ಬಳಸುವುದನ್ನೇ ಬಿಡುತ್ತೆ. ಸೋಮಾರಿ ಕಣ್ಣು ಅಂತಾರೆ. ಮಗು ಅದನ್ನು ಹೇಳುವುದಿಲ್ಲ. ಹುಟ್ಟಿದಾಗಿನಿಂದ ಹಾಗೇ ನೋಡಿದವನಿಗೆ ಅದೇ ಸರಿ ಅನ್ನಿಸಿರುತ್ತೆ. ಹೊರಗಿನಿಂದ ನೋಡಿದರೆ ಕಣ್ಣು ಎಷ್ಟೋ ಸಲ ನೆಟ್ಟಗೇ ಇರುತ್ತೆ. ಏಳು ವರ್ಷದ ಒಳಗೆ ಸಿಕ್ಕರೆ ಕನ್ನಡಕ, ಒಳ್ಳೆಯ ಕಣ್ಣಿಗೆ ದಿನಕ್ಕೆ ಇಷ್ಟು ಹೊತ್ತು ಪಟ್ಟಿ, ಇಷ್ಟರಲ್ಲೇ ಬಹಳ ಮಕ್ಕಳು ಸುಧಾರಿಸುತ್ತಾರೆ. ತಡವಾದಷ್ಟೂ ಕಷ್ಟ. ನಿಮ್ಮ ಮಗನಿಗೆ ಹಾಗೇ ಆಗಿದೆ ಅಂತ ನಾನು ಹೇಳುತ್ತಿಲ್ಲ. ತ್ರೀಡಿ ಕನ್ನಡಕ ಬೇಡ ಅನ್ನುವ ನಾಲ್ಕು ವರ್ಷದವರಲ್ಲಿ ಬಹುತೇಕರ ಕಣ್ಣು ಚೆನ್ನಾಗಿಯೇ ಇರುತ್ತೆ. ಆದರೆ ಶಾಲೆಗೆ ಸೇರುವ ವಯಸ್ಸಿನಲ್ಲಿ ಒಂದು ಸಲ ಕಣ್ಣಿನ ಡಾಕ್ಟರ ಹತ್ತಿರ ತೋರಿಸುವುದು ಹೇಗೂ ಆಗಬೇಕಾದ ಕೆಲಸ. ಆ ನೆಪಕ್ಕೆ ಈ ಸಿನಿಮಾ ಆಯಿತು ಅಂದುಕೊಳ್ಳಿ.

ಈಗ ರಾತ್ರಿಯ ಲೈಟಿನ ವಿಷಯ. ಮೂರರಿಂದ ಆರು ವರ್ಷದ ಮಕ್ಕಳು ಹೆದರುವುದು ರೂಪಕ್ಕೆ. ಕೋರೆಹಲ್ಲು, ಕೆಂಪು ಕಣ್ಣು, ದೊಡ್ಡ ನೆರಳು. ಆ ಪ್ರಾಣಿ ಕತೆಯಲ್ಲಿ ಎಷ್ಟೇ ಒಳ್ಳೆಯದಿದ್ದರೂ ಅವರಿಗೆ ಅದು ಲೆಕ್ಕಕ್ಕಿಲ್ಲ. ‘ಅದು ಸುಳ್ಳು ಕಣೋ, ಬರೀ ಚಿತ್ರ’ ಅಂದರೆ ತಲೆ ಆಡಿಸುತ್ತಾರೆ, ಲೈಟ್ ಆರಿಸಿದ ಕೂಡಲೇ ಮತ್ತೆ ಕೂಗುತ್ತಾರೆ. ಆ ಮಾತಿನಿಂದ ಸಮಾಧಾನ ಪಡುವ ಶಕ್ತಿ ಏಳೆಂಟು ವರ್ಷಕ್ಕೆ ಬರುತ್ತೆ. ನಾಲ್ಕೂವರೆಯವನಿಗೆ ಮಾತಿಗಿಂತ ಮೈ ಮುಖ್ಯ. ಪಕ್ಕದಲ್ಲಿ ಮಲಗಿ, ಬೆನ್ನು ಸವರಿ, ಒಂದು ಲೋಟ ಬಿಸಿ ಹಾಲು ಕೊಡಿ. ಝೀರೋ ಬಲ್ಬ್ ಉರಿಯಲಿ. ಅದರಿಂದ ಅವನು ಪುಕ್ಕಲ ಆಗಿಬಿಡುವುದಿಲ್ಲ. ‘ಗಂಡು ಹುಡುಗ ಆಗಿ ಅಳ್ತೀಯಾ’ ಅನ್ನುವುದು, ಊಟ ಮಾಡದಿದ್ದರೆ ‘ಆ ಹುಲಿ ಬರುತ್ತೆ ನೋಡು’ ಅನ್ನುವುದು, ಎರಡನ್ನೂ ಮನೆಯಲ್ಲಿ ಯಾರೂ ಮಾಡಬಾರದು. ಎರಡನೆಯದನ್ನು ಮಾಡುವವರು ನಾನು ಕಂಡ ಹಾಗೆ ಸಾಮಾನ್ಯವಾಗಿ ಚಿಕ್ಕಪ್ಪ, ಸೋದರಮಾವ. ಅವರಿಗೂ ಒಂದು ಮಾತು ಹೇಳಿಬಿಡಿ. ಇಂಥ ಹೆದರಿಕೆ ಹೆಚ್ಚಿನ ಮಕ್ಕಳಲ್ಲಿ ಕೆಲವು ವಾರದಲ್ಲಿ ತಾನೇ ಇಳಿಯುತ್ತೆ. ಇಳಿಯದೆ ಜಾಸ್ತಿಯಾದರೆ, ಶಾಲೆಗೆ ಹೋಗಲ್ಲ ಅಂದರೆ, ನಿಂತಿದ್ದ ಹಾಸಿಗೆ ಒದ್ದೆ ಮತ್ತೆ ಶುರುವಾದರೆ, ಆಗ ಒಂದು ಸಲ ಡಾಕ್ಟರಿಗೆ ತೋರಿಸಿ.

ಅವತ್ತು ಮಗಳಿಗೆ ಏನನ್ನಿಸಿತು ಅಂತ ನೀವು ಬರೆದಿಲ್ಲ. ಅವಳು ಪೂರ್ತಿ ಸಿನಿಮಾ ನೋಡಿ ನಗುತ್ತಾ ಬಂದಿರಬೇಕು. ಅವಳನ್ನೂ ಸ್ವಲ್ಪ ಮಾತಾಡಿಸಿ. ಒಂಬತ್ತು ವರ್ಷದವರು ಕೋರೆಹಲ್ಲಿಗೆ ಹೆದರುವುದಿಲ್ಲ. ‘ನಮಗೂ ಹೀಗಾದರೆ’ ಅಂತ ಹೆದರುತ್ತಾರೆ. 2014ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್ ಎಂಬ ವೈದ್ಯಕೀಯ ಪತ್ರಿಕೆಯಲ್ಲಿ ಒಂದು ಮಜವಾದ ಅಧ್ಯಯನ ಬಂದಿತ್ತು. 1937ರಿಂದ 2013ರ ತನಕ ಚೆನ್ನಾಗಿ ಓಡಿದ 45 ಮಕ್ಕಳ ಅನಿಮೇಷನ್ ಸಿನಿಮಾಗಳನ್ನು ತೆಗೆದುಕೊಂಡು, ದೊಡ್ಡವರ ಸಿನಿಮಾಗಳ ಜೊತೆ ಹೋಲಿಸಿದ್ದರು. ಮುಖ್ಯ ಪಾತ್ರ ಸಾಯುವ ಸಂಭವ ಮಕ್ಕಳ ಸಿನಿಮಾದಲ್ಲೇ ಎರಡೂವರೆ ಪಟ್ಟು ಜಾಸ್ತಿ ಇತ್ತು! ಅಪ್ಪ ಅಮ್ಮ ಸಾಯುವುದಂತೂ ಐದು ಪಟ್ಟು. ಯೋಚಿಸಿದರೆ ಆಶ್ಚರ್ಯ ಇಲ್ಲ. ಅಪ್ಪ ಅಮ್ಮ ಪಕ್ಕದಲ್ಲೇ ಇದ್ದರೆ ಮರಿ ಆನೆ ಒಂಟಿಯಾಗಿ ಕಾಡು ಸುತ್ತಲು ಹೋಗುತ್ತಾ? ಕತೆ ನಡೆಯಬೇಕಲ್ಲ. ನಮ್ಮ ಅಜ್ಜಿಯರು ಹೇಳುತ್ತಿದ್ದ ಕತೆಗಳಲ್ಲೂ ತಾಯಿ ಇಲ್ಲದ ತಬ್ಬಲಿಗಳೇ ಜಾಸ್ತಿ. ಆದರೆ ಅಜ್ಜಿ ಮಗುವಿನ ಮುಖ ನೋಡಿಕೊಂಡು ಕತೆಯನ್ನು ಬೇಗ ಮುಂದೆ ಓಡಿಸುತ್ತಿದ್ದಳು. ಸಿನಿಮಾ ಯಾರ ಮುಖವನ್ನೂ ನೋಡುವುದಿಲ್ಲ. ವಾರದ ನಂತರ ಮಗಳು ಪಾತ್ರೆ ತೊಳೆಯುವಾಗ ಬಂದು ‘ಅಮ್ಮ, ನಿಂಗೇನಾದ್ರೂ ಆದ್ರೆ ನಾವು ಯಾರ ಹತ್ರ ಇರ್ತೀವಿ’ ಅಂತ ಕೇಳಿದರೆ ‘ಏನೇನೋ ಮಾತಾಡಬೇಡ’ ಅಂತ ಬಾಯಿ ಮುಚ್ಚಿಸಬೇಡಿ. ನೇರವಾಗಿ ಉತ್ತರ ಹೇಳಿ. ಅಜ್ಜಿ ಇದ್ದಾರೆ, ಅತ್ತೆ ಇದ್ದಾರೆ ಅಂತ ಹೆಸರು ಹಿಡಿದೇ ಹೇಳಿ. ಅವಳಿಗೆ ಅಷ್ಟೇ ಬೇಕಿರುತ್ತೆ.

ಹಾಗಾದರೆ ಯಾವ ಸಿನಿಮಾ ಆರಿಸುವುದು? ಅನಿಮೇಷನ್ ಅಂದ ಮಾತ್ರಕ್ಕೆ ಮಕ್ಕಳದ್ದು ಅಂತ ನಂಬಬೇಡಿ. 2024ರಿಂದ ಸೆನ್ಸಾರ್ ಸರ್ಟಿಫಿಕೇಟಿನಲ್ಲಿ ಯು/ಎ ಗುಂಪನ್ನು ಮೂರು ಮಾಡಿದ್ದಾರೆ: 7+, 13+, 16+. ಟಿಕೆಟ್ ಬುಕ್ ಮಾಡುವಾಗಲೇ ಇದು ಕಾಣುತ್ತೆ. ಅದಕ್ಕಿಂತ ಚಿಕ್ಕ ಮಕ್ಕಳನ್ನು ಕರೆದುಕೊಂಡು ಹೋಗುವುದು ಬಿಡುವುದು ಹೆತ್ತವರಿಗೆ ಬಿಟ್ಟದ್ದು. ನಿಮ್ಮ ಮಗನಿಗೆ ಸದ್ಯಕ್ಕೆ ಬರೀ ‘ಯು’ ಇರಲಿ, ಅಂದರೆ ಎಲ್ಲ ವಯಸ್ಸಿನವರೂ ನೋಡಬಹುದಾದದ್ದು. ‘ಯು’ ಅಂದರೂ ಹೆದರಿಸುವ ದೃಶ್ಯವೇ ಇರಲ್ಲ ಅಂತಲ್ಲ. ಆದ್ದರಿಂದ ಮೊದಲು ನಿಮ್ಮಲ್ಲಿ ಒಬ್ಬರು ಕತೆ ತಿಳಿದುಕೊಳ್ಳಿ. ಆಮೇಲೆ ಆ ಕತೆಯನ್ನು ಮಗನಿಗೆ ಪೂರ್ತಿ ಹೇಳಿಬಿಡಿ, ಕೊನೆಯನ್ನೂ ಸೇರಿಸಿ. ಕೊನೆ ಗೊತ್ತಾದರೆ ನಮಗೆ ಮಜ ಹೋಗುತ್ತೆ, ಮಕ್ಕಳಿಗೆ ಹೆಚ್ಚುತ್ತೆ. ಕಂಬ ಒಡೆದು ನರಸಿಂಹ ಬರುವ ಕತೆಯನ್ನೇ ನೋಡಿ. ಎಂಥ ಭಯಂಕರ ರೂಪ ಅದು! ಆದರೂ ನಮ್ಮ ಮಕ್ಕಳು ಅದನ್ನು ಇಪ್ಪತ್ತು ಸಲ ಕೇಳುತ್ತಾರೆ, ಯಾಕೆಂದರೆ ಬರುವುದು ಯಾರು, ಯಾರಿಗಾಗಿ ಅಂತ ಮೊದಲೇ ಗೊತ್ತು.

ಕತೆ ಹೇಳಿಡಲು ಇನ್ನೊಂದು ಕಾರಣ ಭಾಷೆ. ನಮ್ಮೂರಿಗೆ ಬರುವ ದೊಡ್ಡ ಅನಿಮೇಷನ್ ಸಿನಿಮಾಗಳು ಜಾಸ್ತಿ ಇಂಗ್ಲಿಷ್ ಇಲ್ಲವೇ ಹಿಂದಿ. ಮಾತು ಅರ್ಥ ಆಗದಿದ್ದರೆ ಮಗುವಿಗೆ ಉಳಿಯುವುದು ಚಿತ್ರ ಮತ್ತು ಸದ್ದು ಮಾತ್ರ. ಅಲ್ಲಿ ಹುಲಿ ‘ಬಾ ಮರಿ, ಆಟ ಆಡೋಣ’ ಅಂತಲೇ ಹೇಳಿರಬಹುದು, ಇವನಿಗೆ ಕೇಳಿದ್ದು ಗರ್ಜನೆ! ಕನ್ನಡಕ್ಕೆ ಡಬ್ ಆದದ್ದು ಸಿಕ್ಕರೆ ಒಂದು ತಿಂಗಳು ಕಾದಾದರೂ ಅದಕ್ಕೇ ಹೋಗಿ.

ಮತ್ತೆ ಹೋಗುವ ಮೊದಲು ಮನೆಯಲ್ಲಿ ಎರಡು ಆಟ ಆಡಿ. ಒಂದು, ನೆರಳಿನಾಟ. ಲೈಟ್ ಆರಿಸಿ, ಮೊಬೈಲ್ ಟಾರ್ಚ್ ಹಾಕಿ, ಗೋಡೆ ಮೇಲೆ ಕೈಯಲ್ಲಿ ನಾಯಿ, ಮೊಲ ಮಾಡಿ. ಟಾರ್ಚ್ ಅವನ ಕೈಯಲ್ಲಿರಲಿ. ಕೈಯನ್ನು ಟಾರ್ಚಿನ ಹತ್ತಿರ ತಂದರೆ ನಾಯಿ ಆನೆಯಾಗುತ್ತೆ, ದೂರ ಒಯ್ದರೆ ಇಲಿಯಾಗುತ್ತೆ. ದೊಡ್ಡದು ಮಾಡುವುದೂ ತಾನೇ, ಚಿಕ್ಕದು ಮಾಡುವುದೂ ತಾನೇ ಅಂತ ಅವನ ಕೈಗೆ ಗೊತ್ತಾಗಲಿ. ನಮ್ಮ ತೊಗಲುಗೊಂಬೆಯವರ ಆಟವೂ ಇಷ್ಟೇ, ಒಂದು ದೀಪ, ಒಂದು ಪರದೆ. ಕತ್ತಲೆ ಅಂದರೆ ಆಟ ಶುರುವಾಗುವ ಹೊತ್ತು ಅಂತ ಅವನ ತಲೆಯಲ್ಲಿ ಕೂರುತ್ತೆ.

ಇನ್ನೊಂದನ್ನು ಅಕ್ಕನಿಗೆ ವಹಿಸಿ. ಹಳೇ ನೋಟ್‌ಬುಕ್ಕಿನ ಮೂಲೆಯಲ್ಲಿ ಪುಟಕ್ಕೊಂದರಂತೆ ಚೆಂಡು ಬರೆಯಲಿ, ಪ್ರತಿ ಪುಟದಲ್ಲಿ ಸ್ವಲ್ಪ ಸ್ವಲ್ಪ ಕೆಳಗೆ. ಪುಟಗಳನ್ನು ಹೆಬ್ಬೆರಳಲ್ಲಿ ಪಟಪಟ ಬಿಟ್ಟರೆ ಚೆಂಡು ಬೀಳುತ್ತೆ. ಸಿನಿಮಾ ಅಂದರೆ ಇದೇ. ಸೆಕೆಂಡಿಗೆ 24 ಚಿತ್ರ. ಒಂದೂವರೆ ಗಂಟೆಯ ಸಿನಿಮಾಗೆ ಎಷ್ಟು ಅಂತ ಮಗಳಿಗೆ ಗುಣಾಕಾರ ಕೊಡಿ. 1,29,600 ಬರಬೇಕು. ಕೈಯಲ್ಲಿ ಬರೆಯುವ ಕಾಲದಲ್ಲಿ ಒಂದೇ ಚಿತ್ರವನ್ನು ಎರಡೆರಡು ಸಲ ಬಳಸಿ ಎಷ್ಟೋ ಕಡೆ ಸೆಕೆಂಡಿಗೆ 12ರಲ್ಲೇ ಮುಗಿಸುತ್ತಿದ್ದರು, ಪಾಪ ಅವರದ್ದೂ ಕೈಯಲ್ವಾ. ಪೂರ್ತಿ ಕಂಪ್ಯೂಟರಿನಲ್ಲೇ ಮಾಡಿದ ಮೊದಲ ದೊಡ್ಡ ಸಿನಿಮಾ ಬಂದದ್ದು 1995ರಲ್ಲಿ. ಇದೆಲ್ಲ ಮಗಳಿಗೆ ಇಷ್ಟವಾಗುತ್ತೆ. ಮಗನಿಗೆ ಪಟಪಟ ಬಿಡುವ ಆಟ ಮಾತ್ರ ಸಾಕು. ಇದರಿಂದ ಅವನ ಹೆದರಿಕೆ ಪೂರ್ತಿ ಹೋಗುತ್ತೆ ಅಂತ ನಾನು ಹೇಳಲಾರೆ.

ಹೋಗುವ ದಿನ ಬೆಳಗಿನ ಶೋ ಇರಲಿ. ಅದೂ ಸೋಮವಾರದಿಂದ ಗುರುವಾರದೊಳಗೆ, ಜನ ಕಡಿಮೆ. ಎರಡನೇ ಆಟಕ್ಕೆ ಹೋದರೆ ಅವನ ನಿದ್ದೆ ಹೊತ್ತು ಅದರಲ್ಲೇ ಬರುತ್ತೆ. ಹೋಗುತ್ತಾ ಬೆಣ್ಣೆ ದೋಸೆ ತಿನ್ನಿಸಿಕೊಂಡು ಹೋಗಿ, ಮೆಣಸಿನಕಾಯಿ ಮಂಡಕ್ಕಿ ಬರುವಾಗ ಆಯಿತು. ಹಿಂದಿನ ಸಾಲು, ನಡೆದಾಡುವ ದಾರಿಯ ಪಕ್ಕದ ಸೀಟು. ಹಿಂದೆ ಕೂತರೆ ಪರದೆ ಚಿಕ್ಕದಾಗುತ್ತೆ. ಆದರೆ ಪಕ್ಕದ ಗೋಡೆಯ ಸ್ಪೀಕರಿಗೆ ಅಂಟಿಕೊಂಡು ಕೂರಬೇಡಿ. ಎಸಿಗೆ ಒಂದು ಸ್ವೆಟರ್. ಲೈಟ್ ಇರುವಾಗಲೇ ಒಳಗೆ ಹೋಗಿ, ಸೀಟು, ಬಾಗಿಲು, ಬಾತ್‌ರೂಮ್ ತೋರಿಸಿ. ಟ್ರೈಲರ್ ಶುರುವಾದ ಕೂಡಲೇ ಹೊರಗೆ ಕರೆದುಕೊಂಡು ಬಂದುಬಿಡಿ. ದೊಡ್ಡವರ ಹೊಡೆದಾಟದ ಸಿನಿಮಾದ ತುಣುಕು ಅಲ್ಲಿ ಬಂದರೂ ಬಂದೀತು. ಎಷ್ಟೋ ಮಕ್ಕಳು ಸಿನಿಮಾಗೆ ಹೆದರಿರುವುದೇ ಇಲ್ಲ, ಅದರ ಮೊದಲಿನ ಹತ್ತು ನಿಮಿಷಕ್ಕೆ ಹೆದರಿರುತ್ತಾರೆ. ನಿಮ್ಮ ಮಗನೂ ಅತ್ತದ್ದು ಹತ್ತು ನಿಮಿಷದ ಒಳಗೇ ಅಂತ ಬರೆದಿದ್ದೀರಿ. ಆಗ ಸಿನಿಮಾ ಶುರುವಾಗಿತ್ತಾ, ನೆನಪು ಮಾಡಿಕೊಳ್ಳಿ.

ಅವನಿಗೆ ಮೊದಲೇ ಒಂದು ಸನ್ನೆ ಹೇಳಿಕೊಡಿ. ನನ್ನ ಕೈ ಎರಡು ಸಲ ಒತ್ತಿದರೆ ನಾವು ಹೊರಗೆ ಹೋಗೋಣ ಅಂತ. ಒತ್ತಿದರೆ ತಕ್ಷಣ ಏಳಬೇಕು, ‘ಇನ್ನೊಂದೈದು ನಿಮಿಷ’ ಅನ್ನಬಾರದು. ಒಮ್ಮೆ ಸುಮ್ನೆ ಪರೀಕ್ಷೆಗೇ ಒತ್ತುತ್ತಾನೆ. ಆಗಲೂ ಏಳಿ. ನಮ್ಮ ಕಡೆ ಇಂಗ್ಲಿಷ್ ಸಿನಿಮಾಗೂ ಇಂಟರ್ವಲ್ ಕೊಡುತ್ತಾರಲ್ಲ, ಅದು ಚಿಕ್ಕ ಮಕ್ಕಳಿಗೆ ಮಾಡಿಸಿದಂತಿದೆ. ಮೊದಲ ಸಲ ಇಂಟರ್ವಲ್ ತನಕ ಕೂತರೂ ಸಾಕು. ಉಳಿದದ್ದನ್ನು ಅಕ್ಕ ಮನೆಗೆ ಬಂದು ಹೇಳಲಿ. ಅವಳ ಸಿನಿಮಾ ಮಾತ್ರ ತಮ್ಮನಿಂದಾಗಿ ಅರ್ಧಕ್ಕೆ ನಿಲ್ಲಬಾರದು, ಅದನ್ನು ಯಜಮಾನರು ನೋಡಿಕೊಳ್ಳಲಿ.

ಮನೆಯಲ್ಲಿ ಯಾರಿಗಾದರೂ ಫಿಟ್ಸ್ ಇದ್ದರೆ ಒಂದು ಎಚ್ಚರಿಕೆ. ಬೆಳಕು ಪಳಪಳ ಹತ್ತಿ ಆರುವ ದೃಶ್ಯಗಳಿಂದ ಕೆಲವರಿಗೆ ಫಿಟ್ಸ್ ಬರುವುದುಂಟು. 1997ರ ಡಿಸೆಂಬರಿನಲ್ಲಿ ಜಪಾನಿನಲ್ಲಿ ಟೀವಿಯ ಒಂದು ಕಾರ್ಟೂನ್ ಕಂತಿನಲ್ಲಿ ಕೆಂಪು ನೀಲಿ ಬೆಳಕು ಹಾಗೆ ಮಿನುಗಿ 600ಕ್ಕೂ ಹೆಚ್ಚು ಮಂದಿಯನ್ನು ಆಸ್ಪತ್ರೆಗೆ ಸಾಗಿಸಬೇಕಾಯಿತು, ಹೆಚ್ಚಿನವರು ಮಕ್ಕಳೇ. ಫಿಟ್ಸ್ ಇರುವವರಲ್ಲೂ ಹೀಗಾಗುವುದು ನೂರರಲ್ಲಿ ಮೂರ್ನಾಲ್ಕು ಜನಕ್ಕೆ ಮಾತ್ರ. ಚಿಕ್ಕಂದಿನಲ್ಲಿ ಜ್ವರ ಬಂದಾಗ ಒಂದು ಸಲ ಫಿಟ್ಸ್ ಬಂದಿತ್ತು ಅಂತ ಸಿನಿಮಾ ಬಿಡಬೇಕಾಗಿಲ್ಲ. ಅದು ಬೇರೆ, ಇದು ಬೇರೆ.

‘ಎಷ್ಟು ಹೊತ್ತು ಬೇಕಾದರೂ ಟೀವಿ ನೋಡುತ್ತಾನೆ’ ಅಂತ ಬರೆದಿದ್ದೀರಲ್ಲ, ನನಗೆ ಸಿನಿಮಾಗಿಂತ ಅದೇ ಜಾಸ್ತಿ ಚಿಂತೆ. ಎರಡರಿಂದ ಐದು ವರ್ಷದವರಿಗೆ ದಿನಕ್ಕೆ ಒಂದು ಗಂಟೆ ದಾಟಬಾರದು ಅಂತ ಭಾರತೀಯ ಮಕ್ಕಳ ವೈದ್ಯರ ಸಂಘ 2021ರಲ್ಲೇ ಹೇಳಿದೆ. ರಜೆಯಲ್ಲಿ ಒಂದು ದಿನ ಮನೆಯವರೆಲ್ಲ ಕೂತು ಎರಡು ಗಂಟೆ ಸಿನಿಮಾ ನೋಡಿದರೆ ಆ ಲೆಕ್ಕ ನಾನು ಹಿಡಿಯುವುದಿಲ್ಲ. ದಿನಾ ಊಟಕ್ಕೆ ಮೊಬೈಲ್ ಮುಂದಿಡುವುದನ್ನು ಹಿಡಿಯುತ್ತೇನೆ.

ಅತ್ತೆಯವರನ್ನೂ ಸಿನಿಮಾಗೆ ಕರೆದುಕೊಂಡು ಹೋಗಿ. ಮೊಮ್ಮಗ ಕೈ ಒತ್ತಿದರೆ ಎದ್ದು ಹೊರಗೆ ಹೋಗುವ ಪಾಳಿ ಈ ಸಲ ಅವರದ್ದಾಗಲಿ. ಹೋದ ಸಲ ನೀವು ಹತ್ತೇ ನಿಮಿಷ ನೋಡಿದ್ದೀರಿ. ದಿನ ಗೊತ್ತು ಮಾಡಲು ಒಂದೆರಡು ತಿಂಗಳು ಬಿಡಿ, ಲೈಟ್ ಆರಿಸಲು ಅವನೇ ಒಪ್ಪುವ ತನಕ. ಕಣ್ಣು ತೋರಿಸುವುದಕ್ಕೆ ಮಾತ್ರ ಅಷ್ಟು ಕಾಯಬೇಡಿ, ಈ ವಾರವೇ ಹೋಗಿ ಬನ್ನಿ.